ಫ್ರೇಸ್ ಸರ್ಚ್ ಮತ್ತು ಪ್ರಾಕ್ಸಿಮಿಟಿ ಸರ್ಚ್: ಕನ್ನಡ ಪಠ್ಯಕ್ಕೆ ಹುಡುಕಾಟ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸುದ್ದಿ ಸಂಗ್ರಹ, ಸರ್ಕಾರಿ ಆದೇಶಗಳು, ಹಳೆಯ ಪುಸ್ತಕಗಳ ಡಿಜಿಟಲ್ ಪ್ರತಿ ಇಂಥವನ್ನು ಡೇಟಾಬೇಸಿಗೆ ತುಂಬಿಸಿ, ಜನ ಹುಡುಕಿದ್ದು ಸಿಗುವಂತೆ ಮಾಡಬೇಕಾದ ಡೆವಲಪರ್‌ಗಳಿಗಾಗಿ ಈ ಪುಟ. ಕಮಾಂಡ್‌ಗಳ ಹೆಸರನ್ನೂ ಕನ್ನಡ ಲಿಪಿಯಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ. ಉದಾಹರಣೆಗೆಂದು ಈ ನಾಲ್ಕು ಸಾಲುಗಳನ್ನು ಉದ್ದಕ್ಕೂ ಬಳಸಿದ್ದೇನೆ:

1. ಕೆರೆ ಒತ್ತುವರಿ ತೆರವು ಆರಂಭ
2. ಕೆರೆ ಜಾಗದ ಒತ್ತುವರಿ ತೆರವಿಗೆ ಜಿಲ್ಲಾಧಿಕಾರಿ ಆದೇಶ
3. ಒತ್ತುವರಿಯಾದ ಕೆರೆಗಳ ಸರ್ವೆ ಪೂರ್ಣ
4. ಕೆರೆ ಹಬ್ಬಕ್ಕೆ ಸಿದ್ಧತೆ. ಅರಣ್ಯ ಒತ್ತುವರಿ ಕುರಿತು ಸಭೆ

ಫ್ರೇಸ್ ಸರ್ಚ್‌ಗೂ ಪ್ರಾಕ್ಸಿಮಿಟಿ ಸರ್ಚ್‌ಗೂ ವ್ಯತ್ಯಾಸ ಏನು?

ಫ್ರೇಸ್ ಸರ್ಚ್‌ನಲ್ಲಿ ನೀವು ಕೊಟ್ಟ ಪದಗಳು ಕೊಟ್ಟ ಕ್ರಮದಲ್ಲೇ, ನಡುವೆ ಬೇರೆ ಪದ ಬರದಂತೆ ಇರಬೇಕು. ಪ್ರಾಕ್ಸಿಮಿಟಿ ಸರ್ಚ್‌ನಲ್ಲಿ ಅವು ಹತ್ತಿರದಲ್ಲಿದ್ದರೆ ಸಾಕು. ಎಷ್ಟು ಹತ್ತಿರ ಎಂಬುದನ್ನು ನೀವು ಹೇಳುತ್ತೀರಿ. ಕ್ರಮ ಮುಖ್ಯವೇ ಎಂಬುದು ನೀವು ಬಳಸುವ ಡೇಟಾಬೇಸನ್ನು ಅವಲಂಬಿಸಿದೆ.

‘ಕೆರೆ ಒತ್ತುವರಿ’ ಎಂದು ಫ್ರೇಸ್ ಸರ್ಚ್ ಮಾಡಿದರೆ ಮೊದಲ ಸಾಲು ಮಾತ್ರ ಸಿಗುತ್ತದೆ. ಓದುಗರಿಗೆ ಬೇಕಿರುವುದು ಮೊದಲ ಮೂರೂ ಸಾಲು. ಎರಡೂ ಪದ ಇದ್ದರೆ ಸಾಕು ಎಂದರೆ ನಾಲ್ಕನೆಯದೂ ಬಂದುಬಿಡುತ್ತದೆ, ಅದಕ್ಕೂ ಕೆರೆ ಒತ್ತುವರಿಗೂ ಸಂಬಂಧವಿಲ್ಲ. ಕನ್ನಡದಲ್ಲಿ ಪದಗಳ ಜಾಗ ಬದಲಾದರೂ ಅರ್ಥ ಕೆಡುವುದಿಲ್ಲ, ಪ್ರತ್ಯಯಗಳು ಪದದ ಬಾಲಕ್ಕೇ ಅಂಟುತ್ತವೆ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಕನ್ನಡದಲ್ಲಿ ಕ್ರಮ ನೋಡದ ಪ್ರಾಕ್ಸಿಮಿಟಿ ಸರ್ಚ್ ಮುಖ್ಯ ಸಾಧನವಾಗಲಿ, ಕಟ್ಟುನಿಟ್ಟಿನ ಫ್ರೇಸ್ ಸರ್ಚ್ ಫಲಿತಾಂಶಗಳನ್ನು ಮೇಲೆ ಕೆಳಗೆ ಜೋಡಿಸುವ ಕೆಲಸಕ್ಕಿರಲಿ.

ಯಾವ ಪದ ಎಲ್ಲಿದೆ ಎಂದು ಡೇಟಾಬೇಸ್‌ಗೆ ಹೇಗೆ ಗೊತ್ತಾಗುತ್ತದೆ?

ಪಠ್ಯವನ್ನು ಇಂಡೆಕ್ಸ್ ಮಾಡುವಾಗ (ಬೇಗ ಹುಡುಕಲು ಪದಗಳ ಸೂಚಿ ಕಟ್ಟುವಾಗ) ಅದು ಬಿಡಿ ಪದಗಳು ಎನ್ನಬಹುದಾದ ಟೋಕನ್‌ಗಳಾಗಿ ಒಡೆಯುತ್ತದೆ. ಪ್ರತಿ ಟೋಕನ್ ಯಾವ ಯಾವ ದಾಖಲೆಯಲ್ಲಿದೆ ಎಂಬುದರ ಜೊತೆಗೆ, ಆ ದಾಖಲೆಯಲ್ಲಿ ಎಷ್ಟನೇ ಪದ ಎಂಬ ಸಂಖ್ಯೆಯನ್ನೂ ಬರೆದಿಡಬಹುದು. ಆ ಸಂಖ್ಯೆಗೆ ಪೊಸಿಷನ್ ಎನ್ನುತ್ತಾರೆ. ಎರಡನೇ ಸಾಲನ್ನು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ ‘ಟಿಎಸ್‌ವೆಕ್ಟರ್’ (ಪದ, ಪೊಸಿಷನ್‌ಗಳ ಪಟ್ಟಿ) ಮಾಡಿದರೆ ಹೀಗಾಗುತ್ತದೆ: ಕೆರೆ 1, ಜಾಗದ 2, ಒತ್ತುವರಿ 3, ತೆರವಿಗೆ 4, ಜಿಲ್ಲಾಧಿಕಾರಿ 5, ಆದೇಶ 6. ಫ್ರೇಸ್ ಸರ್ಚ್ ಎಂದರೆ ಈ ಸಂಖ್ಯೆಗಳ ವ್ಯತ್ಯಾಸ ಸರಿಯಾಗಿ 1 ಇದೆಯೇ ಎಂದು ನೋಡುವುದು. ಇಲ್ಲಿ ಕೆರೆಗೂ ಒತ್ತುವರಿಗೂ ವ್ಯತ್ಯಾಸ 2, ಆದ್ದರಿಂದ ಫ್ರೇಸ್‌ಗೆ ಸಿಗಲಿಲ್ಲ.

ಮುಂದಿನ ಅರ್ಧದಷ್ಟು ಪ್ರಶ್ನೆಗಳ ಬೇರು ಇದೇ. ಟೋಕನ್ ತಪ್ಪಾಗಿ ಒಡೆದರೆ, ಪೊಸಿಷನ್ ಕಳೆದುಹೋದರೆ ಅಥವಾ ಪಲ್ಲಟವಾದರೆ, ಕ್ವೆರಿ (ಡೇಟಾಬೇಸ್‌ಗೆ ಕೊಡುವ ಹುಡುಕಾಟದ ಕೋರಿಕೆ) ಎಷ್ಟೇ ಚೆನ್ನಾಗಿದ್ದರೂ ಉತ್ತರ ಬರುವುದಿಲ್ಲ.

‘ಲೈಕ್’ ಬಳಸಿ ಹುಡುಕಿದರೆ ಸಾಲದೇ?

ಸಣ್ಣ ಟೇಬಲ್‌ಗೆ ಸಾಕು. ಆದರೆ ‘ಲೈಕ್’ ಅಕ್ಷರಗಳನ್ನಷ್ಟೇ ನೋಡುತ್ತದೆ, ಪದಗಳನ್ನಲ್ಲ. ಎರಡು ಪದಗಳ ನಡುವೆ ಎರಡು ಸ್ಪೇಸ್ ಇದ್ದರೂ, ಸಾಲು ಮುರಿದಿದ್ದರೂ, ಕಾಮಾ ಬಂದಿದ್ದರೂ ಸಿಗುವುದಿಲ್ಲ. ಮುಂದೆಯೂ ಹಿಂದೆಯೂ ಶೇಕಡಾ ಚಿಹ್ನೆ ಹಾಕಿದ ‘ಲೈಕ್’ ಸಾಮಾನ್ಯ ಇಂಡೆಕ್ಸನ್ನು ಬಳಸಿಕೊಳ್ಳಲಾರದು, ಹಾಗಾಗಿ ಟೇಬಲ್ ಬೆಳೆದಂತೆ ನಿಧಾನವಾಗುತ್ತದೆ.

ಎಲ್ಲ ಡೇಟಾಬೇಸ್‌ಗಳಲ್ಲೂ ದೂರದ ಲೆಕ್ಕ ಒಂದೇ ತಾನೇ?

ಅಲ್ಲ, ಮತ್ತು ಒಂದರಿಂದ ಇನ್ನೊಂದಕ್ಕೆ ಕೋಡ್ ಸಾಗಿಸುವವರು ಎಡವುವುದೇ ಇಲ್ಲಿ.

ಪೋಸ್ಟ್‌ಗ್ರೆಸ್‌ನಲ್ಲಿ ಫ್ರೇಸ್ ಸರ್ಚ್ ಬಂದದ್ದು 9.6ನೇ ಆವೃತ್ತಿಯಲ್ಲಿ, 2016ರಲ್ಲಿ. ಅಲ್ಲಿ <-> ಎಂದರೆ ಪಕ್ಕದ ಪದ; <2> ಎಂದರೆ ಪೊಸಿಷನ್ ವ್ಯತ್ಯಾಸ ಸರಿಯಾಗಿ ಎರಡು, ಅಂದರೆ ನಡುವೆ ಒಂದೇ ಒಂದು ಪದ. ‘ಎರಡರೊಳಗೆ’ ಎಂಬ ಅರ್ಥ ಅದಕ್ಕಿಲ್ಲ. ಕ್ರಮವೂ ಕಡ್ಡಾಯ.

ಎಸ್‌ಕ್ಯೂಲೈಟ್‌ನ ಪಠ್ಯ ಹುಡುಕಾಟದ ಭಾಗವಾದ ಎಫ್‌ಟಿಎಸ್5ರಲ್ಲಿ (2015ರ 3.9.0 ಆವೃತ್ತಿಯಿಂದ ಇದೆ) ‘ನಿಯರ್’ ಬಳಸಬೇಕು. ಅಲ್ಲಿ ಕೊಡುವ ಸಂಖ್ಯೆ, ಎರಡು ಪದಗಳ ನಡುವೆ ಹೆಚ್ಚೆಂದರೆ ಎಷ್ಟು ಟೋಕನ್ ಇರಬಹುದು ಎಂಬುದು. ಸಂಖ್ಯೆ ಕೊಡದಿದ್ದರೆ 10 ಎಂದುಕೊಳ್ಳುತ್ತದೆ. ಕ್ರಮ ನೋಡುವುದಿಲ್ಲ.

ಮೈಎಸ್‌ಕ್ಯೂಎಲ್‌ನಲ್ಲಿ ಇನ್ನೋಡಿಬಿ ಎಂಬ ಸಂಗ್ರಹ ವಿಧಾನದ ಟೇಬಲ್‌ಗಳಿಗೆ ಮಾತ್ರ ದೂರ ಹೇಳುವ ಸೌಲಭ್ಯ. ಬೂಲಿಯನ್ ಮೋಡ್‌ನಲ್ಲಿ ಪದಗಳನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆದು, ಹಿಂದೆಯೇ @8 ಎಂಬಂತೆ ಕೊಟ್ಟರೆ, ಆ ಪದಗಳೆಲ್ಲ ಅಷ್ಟು ಪದಗಳ ಅಂತರದೊಳಗೆ ಶುರುವಾಗಬೇಕು ಎಂದರ್ಥ. @ ಇಲ್ಲದಿದ್ದರೆ ಅದು ಫ್ರೇಸ್.

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2012ರ ಆವೃತ್ತಿಯಿಂದ ‘ನಿಯರ್’ಗೆ ದೂರವನ್ನೂ ಕ್ರಮ ಬೇಕೇ ಬೇಡವೇ ಎಂಬುದನ್ನೂ ಹೇಳಬಹುದು. ಇಲ್ಲಿಯೂ ಎಣಿಕೆ ನಡುವಿನ ಪದಗಳದ್ದು. ಒರಾಕಲ್ ಟೆಕ್ಸ್ಟ್‌ನ ‘ನಿಯರ್’ಗೆ ನೀವೇನೂ ಹೇಳದಿದ್ದರೆ 100 ಪದಗಳ ಹರವು, ಕನ್ನಡದ ಒಂದು ಇಡೀ ಸುದ್ದಿಯೇ ಅದರೊಳಗೆ ಬಂದುಬಿಡಬಹುದು.

ಇಲಾಸ್ಟಿಕ್‌ಸರ್ಚ್‌ನ ‘ಸ್ಲಾಪ್’ ಇನ್ನೂ ಬೇರೆ. ಪದಗಳನ್ನು ಎಷ್ಟು ಹೆಜ್ಜೆ ಸರಿಸಿದರೆ ಫ್ರೇಸ್ ಕೂಡುತ್ತದೆ ಎಂಬ ಲೆಕ್ಕ ಅದು. ಅಕ್ಕಪಕ್ಕದ ಎರಡು ಪದ ತಿರುಗುಮುರುಗಾಗಿದ್ದರೆ ಸ್ಲಾಪ್ 2 ಬೇಕು.

ಹಾಗಾಗಿ ‘ಪಕ್ಕಪಕ್ಕ’ ಎಂಬುದಕ್ಕೆ ಪೋಸ್ಟ್‌ಗ್ರೆಸ್‌ನಲ್ಲಿ 1, ಎಫ್‌ಟಿಎಸ್5, ಎಸ್‌ಕ್ಯೂಎಲ್ ಸರ್ವರ್ ಮತ್ತು ಸ್ಲಾಪ್‌ನಲ್ಲಿ 0.

ಹಾಗಾದರೆ ಪೋಸ್ಟ್‌ಗ್ರೆಸ್‌ನಲ್ಲಿ ‘ಮೂರು ಪದದೊಳಗೆ, ಯಾವ ಕ್ರಮದಲ್ಲಾದರೂ’ ಎಂದು ಕೇಳುವುದು ಹೇಗೆ?

ಅದಕ್ಕೆ ನೇರ ಚಿಹ್ನೆ ಇಲ್ಲ. ಒಂದೊಂದು ದೂರವನ್ನೂ ಬರೆದು | ಚಿಹ್ನೆಯಿಂದ ಜೋಡಿಸಬೇಕು:

(ಕೆರೆ <-> ಒತ್ತುವರಿ) | (ಕೆರೆ <2> ಒತ್ತುವರಿ) | (ಕೆರೆ <3> ಒತ್ತುವರಿ) | (ಒತ್ತುವರಿ <-> ಕೆರೆ) | (ಒತ್ತುವರಿ <2> ಕೆರೆ) | (ಒತ್ತುವರಿ <3> ಕೆರೆ)

ಕೈಯಲ್ಲಿ ಬರೆಯಲು ಬೇಸರ, ಆದರೆ ಪ್ರೋಗ್ರಾಮ್‌ನಲ್ಲಿ ಒಂದು ಲೂಪ್‌ನ ಕೆಲಸ. ಎರಡು ಪದಗಳಿಗೆ ಇದು ಚೆನ್ನಾಗಿ ನಡೆಯುತ್ತದೆ. ಮೂರು, ನಾಲ್ಕು ಪದವಾದರೆ ಕ್ರಮಗಳ ಸಂಖ್ಯೆ ಗುಣಾಕಾರದಲ್ಲಿ ಏರುತ್ತದೆ. ಆಗ ಮುಖ್ಯವಾದ ಎರಡು ಪದಗಳಿಗೆ ಮಾತ್ರ ದೂರದ ಷರತ್ತು ಹಾಕಿ, ಉಳಿದವು ದಾಖಲೆಯಲ್ಲಿ ಎಲ್ಲಿದ್ದರೂ ಸರಿ ಎನ್ನುವುದು ಒಳ್ಳೆಯದು.

ಎಸ್‌ಕ್ಯೂಲೈಟ್‌ನಲ್ಲಿ ‘ಕೆರೆ’ ಹುಡುಕಿದರೆ ‘ಕುರಿ’, ‘ಕಾರು’ ಎಲ್ಲ ಬರುತ್ತಿವೆ. ಏನಾಗಿದೆ?

ಟೋಕನೈಸರ್ (ಪಠ್ಯವನ್ನು ಟೋಕನ್ ಮಾಡುವ ಭಾಗ) ನಿಮ್ಮ ಪದಗಳನ್ನು ಚೂರು ಮಾಡಿದೆ. ಎಫ್‌ಟಿಎಸ್5ರ ಮಾಮೂಲಿ ಟೋಕನೈಸರ್ ಆದ ‘ಯೂನಿಕೋಡ್61’, ಯೂನಿಕೋಡ್‌ನಲ್ಲಿ ಅಕ್ಷರ ಅಥವಾ ಅಂಕಿ ಎಂದು ಗುರುತಾದದ್ದನ್ನು ಮಾತ್ರ ಪದದ ಭಾಗವೆಂದು ತಿಳಿಯುತ್ತದೆ. ಕನ್ನಡದ ಕಾಗುಣಿತದ ಚಿಹ್ನೆಗಳು, ಅನುಸ್ವಾರ, ವಿರಾಮ ಚಿಹ್ನೆ (ಅಂದರೆ ಅರ್ಧಾಕ್ಷರದ ್) ಇವೆಲ್ಲ ಯೂನಿಕೋಡ್‌ನಲ್ಲಿ ‘ಮಾರ್ಕ್’ ಎಂಬ ಬೇರೆ ವರ್ಗ. ಆದ್ದರಿಂದ ಆ ಟೋಕನೈಸರ್‌ಗೆ ಅವು ಸ್ಪೇಸ್ ಇದ್ದಂತೆ.

ಫಲಿತಾಂಶ ನೋಡಿ. ಕೆರೆ ಎಂಬುದು ಕ, ರ ಎಂಬ ಎರಡು ಟೋಕನ್ ಆಗುತ್ತದೆ. ಕುರಿಯೂ ಕ, ರ. ಕಾರು ಕೂಡ ಕ, ರ. ಒತ್ತುವರಿ ಎಂಬುದು ಒತ, ತ, ವರ ಎಂದು ಮೂರಾಗುತ್ತದೆ. ಇನ್ನೊಂದು ಸೂಕ್ಷ್ಮ ಇದೆ: ಕ್ವೆರಿಯಲ್ಲಿನ ಒಂದು ಪದ ಹಲವು ಟೋಕನ್‌ಗಳಾಗಿ ಒಡೆದರೆ ಎಫ್‌ಟಿಎಸ್5 ಅವನ್ನು ತಾನಾಗಿಯೇ ಫ್ರೇಸ್ ಮಾಡಿಕೊಳ್ಳುತ್ತದೆ. ಹಾಗಾಗಿ ಕೆರೆ ಎಂದು ಹುಡುಕಿದಾಗ ಕೆರೆ ಸಿಕ್ಕೇ ಸಿಗುತ್ತದೆ. ಮೊದಲ ಪರೀಕ್ಷೆಯಲ್ಲಿ ಎಲ್ಲ ಸರಿಯಿದ್ದಂತೆ ಕಾಣುತ್ತದೆ, ದೋಷ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯಬಹುದು. ‘ನಿಯರ್’ನ ದೂರವೂ ಕೆಡುತ್ತದೆ: 5 ಎಂದು ಕೊಟ್ಟರೆ ಅದು ಐದು ಪದವಲ್ಲ, ಐದು ಚೂರು, ಒಂದೆರಡು ಪದಕ್ಕೇ ಮುಗಿಯುತ್ತದೆ.

ಪರಿಹಾರ ಸರಳ. ಟೇಬಲ್ ಮಾಡುವಾಗ ಟೋಕನೈಸರ್‌ಗೆ ‘ಕೆಟಗರೀಸ್’ ಎಂಬ ಆಯ್ಕೆ ಕೊಟ್ಟು, ಮಾಮೂಲಿ ‘ಎಲ್*’, ‘ಎನ್*’, ‘ಸಿಒ’ ವರ್ಗಗಳ ಜೊತೆ ‘ಎಂಎನ್’ ಮತ್ತು ‘ಎಂಸಿ’ ವರ್ಗಗಳನ್ನೂ ಸೇರಿಸಿ. ಇದ್ದ ಟೇಬಲ್‌ಗೆ ಇದನ್ನು ಆಮೇಲೆ ಅಂಟಿಸಲಾಗದು. ಹೊಸದಾಗಿ ಮಾಡಿ ಮತ್ತೆ ತುಂಬಿಸಬೇಕು. ತುಂಬಿಸಿದ ಮೇಲೆ ‘ಎಫ್‌ಟಿಎಸ್5ವೊಕ್ಯಾಬ್’ ಟೇಬಲ್ ತೆರೆದು ಟೋಕನ್‌ಗಳ ಪಟ್ಟಿಯನ್ನು ಕಣ್ಣಾರೆ ನೋಡಿ.

ಬೇರೆ ಡೇಟಾಬೇಸ್‌ನಲ್ಲೂ ಮೊದಲ ಕೆಲಸ ಇದೇ ಆಗಿರಲಿ. ಪೋಸ್ಟ್‌ಗ್ರೆಸ್‌ನಲ್ಲಿ ‘ಟಿಎಸ್_ಡೀಬಗ್’, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ‘ಡಿಎಂ_ಎಫ್‌ಟಿಎಸ್_ಪಾರ್ಸರ್’, ಮೈಎಸ್‌ಕ್ಯೂಎಲ್‌ನಲ್ಲಿ ಇನ್‌ಫರ್ಮೇಶನ್ ಸ್ಕೀಮಾದ ‘ಇನ್ನೋಡಿಬಿ_ಎಫ್‌ಟಿ_ಇಂಡೆಕ್ಸ್_ಟೇಬಲ್’ ಟೋಕನ್‌ಗಳನ್ನು ತೋರಿಸುತ್ತವೆ. ಎಸ್‌ಕ್ಯೂಎಲ್ ಸರ್ವರ್‌ನ ಭಾಷಾಪಟ್ಟಿಯಲ್ಲಿ ಕನ್ನಡ ಇದೆ, ಅದರ ಸಂಖ್ಯೆ 1099. ಕಾಲಂಗೆ ಅದನ್ನು ಹೇಳಲು ಮರೆಯಬೇಡಿ.

ಕಣ್ಣಿಗೆ ಒಂದೇ ಥರ ಕಾಣುವ ಪದ ಒಂದು ದಾಖಲೆಯಲ್ಲಿ ಸಿಗುತ್ತದೆ, ಇನ್ನೊಂದರಲ್ಲಿ ಸಿಗುವುದಿಲ್ಲ. ಯಾಕೆ?

ಹೆಚ್ಚಿನ ಸಲ ಎರಡರಲ್ಲಿ ಒಂದು ಕಾರಣ. ಮೊದಲನೆಯದು, ಒಂದೇ ಅಕ್ಷರವನ್ನು ಎರಡು ರೀತಿ ಸಂಗ್ರಹಿಸಬಹುದು. ‘ಕೊ’ದಲ್ಲಿರುವ ೊ ಒಂದೇ ಸಂಕೇತವಾಗಿಯೂ ಇರಬಹುದು, ೆ ಮತ್ತು ೂ ಎಂಬ ಎರಡು ಸಂಕೇತಗಳಾಗಿಯೂ ಇರಬಹುದು. ಪರದೆಯ ಮೇಲೆ ಭೇದ ಕಾಣದು, ಇಂಡೆಕ್ಸ್‌ಗೆ ಅವು ಬೇರೆ ಬೇರೆ ಪದ. ಪಠ್ಯವನ್ನೂ ಕ್ವೆರಿಯನ್ನೂ ಎನ್‌ಎಫ್‌ಸಿ (ಇಂಥ ಸಂಕೇತಗಳನ್ನು ಒಂದಾಗಿಸುವ ಯೂನಿಕೋಡ್ ನಿಯಮ) ರೂಪಕ್ಕೆ ತಂದರೆ ಇದು ಸರಿಹೋಗುತ್ತದೆ. ಪೋಸ್ಟ್‌ಗ್ರೆಸ್ 13ರಿಂದ ‘ನಾರ್ಮಲೈಜ್’ ಎಂಬ ಫಂಕ್ಷನ್ ಡೇಟಾಬೇಸ್‌ನೊಳಗೇ ಇದೆ.

ಎರಡನೆಯದು, ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳು. ‘ಬ್ಯಾಂಕ್‌ನಲ್ಲಿ’ ಎಂದು ಬರೆಯುವಾಗ ಕ್ ಮತ್ತು ನ ಒತ್ತಾಗಿ ಸೇರದಿರಲೆಂದು ನಡುವೆ ಝಡ್‌ಡಬ್ಲ್ಯುಎನ್‌ಜೆ ಎಂಬ ಅದೃಶ್ಯ ಸಂಕೇತ ಹಾಕುತ್ತೇವೆ. ಅದನ್ನು ಹಾಕದವರು ‘ಬ್ಯಾಂಕ್ನಲ್ಲಿ’ ಎಂದು ಬರೆಯುತ್ತಾರೆ. ಎನ್‌ಎಫ್‌ಸಿ ಈ ಸಂಕೇತವನ್ನು ಮುಟ್ಟುವುದಿಲ್ಲ. ಎಫ್‌ಟಿಎಸ್5ಗೆ ಅದು ಪದ ಒಡೆಯುವ ಜಾಗ, ಅಲ್ಲಿ ‘ಬ್ಯಾಂಕ್’ ಮತ್ತು ‘ನಲ್ಲಿ’ ಎಂದು ಎರಡಾಗಿ ಮುಂದಿನ ಎಲ್ಲ ಪದಗಳ ಪೊಸಿಷನ್ ಒಂದೊಂದು ಸರಿಯುತ್ತದೆ. ಇಂಡೆಕ್ಸ್‌ಗೆ ಹೋಗುವ ಪ್ರತಿಯಿಂದ ಮತ್ತು ಕ್ವೆರಿಯಿಂದ ಈ ಸಂಕೇತವನ್ನೂ ಅದರ ಜೋಡಿಯಾದ ಝಡ್‌ಡಬ್ಲ್ಯುಜೆಯನ್ನೂ ತೆಗೆದುಹಾಕಿ. ಓದುಗರಿಗೆ ತೋರಿಸುವ ಮೂಲ ಪಠ್ಯವನ್ನು ಮಾತ್ರ ಮುಟ್ಟಬೇಡಿ, ಅಲ್ಲಿ ಅದು ಬೇಕೇ ಬೇಕು.

ನುಡಿ, ಬರಹಗಳ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪಾದ ಕಡತಗಳಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಅದಾಗದೆ ಇಲ್ಲಿನ ಯಾವ ಮಾತೂ ಅವಕ್ಕೆ ಅನ್ವಯಿಸದು.

ವಿಭಕ್ತಿ ಪ್ರತ್ಯಯ ಸೇರಿದ ಪದಗಳನ್ನು ಫ್ರೇಸ್‌ನಲ್ಲಿ ಹಿಡಿಯುವುದು ಹೇಗೆ?

ಇಂಗ್ಲಿಷ್‌ಗೆ ಈ ಕೆಲಸವನ್ನು ಸ್ಟೆಮ್ಮರ್ ಮಾಡುತ್ತದೆ: ಪದದ ಬಾಲ ಕತ್ತರಿಸಿ ಬುಡವನ್ನು ಮಾತ್ರ ಇಂಡೆಕ್ಸ್ ಮಾಡುತ್ತದೆ. ಪೋಸ್ಟ್‌ಗ್ರೆಸ್ ಜೊತೆ ತಮಿಳಿಗೆ, ಹಿಂದಿಗೆ, ನೇಪಾಳಿಗೆ ಸ್ಟೆಮ್ಮರ್ ಬರುತ್ತದೆ, ಕನ್ನಡಕ್ಕೆ ಬರುವುದಿಲ್ಲ. ಹಾಗಾಗಿ ‘ಸಿಂಪಲ್’ ಎಂಬ ಕಾನ್ಫಿಗರೇಶನ್ ಬಳಸಿ, ಕ್ವೆರಿಯ ಕಡೆ ಪ್ರಿಫಿಕ್ಸ್ ಹುಡುಕಾಟ (ಪದದ ಆರಂಭ ಹೊಂದಿದರೆ ಸಾಕು ಎನ್ನುವುದು) ಮಾಡುವುದೇ ಸದ್ಯಕ್ಕೆ ಕೈಗೆಟಕುವ ದಾರಿ.

ಪೋಸ್ಟ್‌ಗ್ರೆಸ್‌ನಲ್ಲಿ ಪದದ ಕೊನೆಗೆ :* ಸೇರಿಸಿ, ಅದನ್ನೇ <-> ಜೊತೆಗೂ ಬಳಸಬಹುದು: ಕೆರೆ:* <-> ಒತ್ತುವರಿ:*. ಇದು ‘ಕೆರೆಯ ಒತ್ತುವರಿ’, ‘ಕೆರೆಗಳ ಒತ್ತುವರಿಯನ್ನು’ ಎರಡನ್ನೂ ಹಿಡಿಯುತ್ತದೆ. ಎಫ್‌ಟಿಎಸ್5ರಲ್ಲಿ ಫ್ರೇಸ್‌ನ ಕೊನೆಯ ಟೋಕನ್‌ಗೆ ಮಾತ್ರ * ಹಾಕಬಹುದು, ಆದರೆ ‘ನಿಯರ್’ನೊಳಗೆ ಪ್ರತಿ ಪದವೂ ಒಂದು ಫ್ರೇಸ್ ಆದ್ದರಿಂದ ಪ್ರತಿಯೊಂದಕ್ಕೂ ಹಾಕಬಹುದು: ನಿಯರ್(ಕೆರೆ* ಒತ್ತುವರಿ*, 2). ನಮ್ಮ ಮೊದಲ ಮೂರು ಸಾಲುಗಳು ಇದಕ್ಕೆ ಸಿಗುತ್ತವೆ, ನಾಲ್ಕನೆಯದು ಸಿಗುವುದಿಲ್ಲ. ಕನ್ನಡಕ್ಕೆ ಇಷ್ಟು ಹೊಂದುವ ಒಂದು ಸಾಲಿನ ಕ್ವೆರಿ ನನಗೆ ಬೇರೆಲ್ಲೂ ಕಂಡಿಲ್ಲ.

ಉಕಾರಾಂತ ಪದಗಳಿಗೆ ಇನ್ನೊಂದು ಹೆಜ್ಜೆ ಬೇಕು. ‘ಕಾಡು’ ಎಂಬುದು ‘ಕಾಡಿನ’, ‘ಕಾಡಿಗೆ’, ‘ಕಾಡಲ್ಲಿ’ ಆಗುವಾಗ ಕೊನೆಯ ಉಕಾರ ಬಿದ್ದುಹೋಗುತ್ತದೆ. ಕಾಡು* ಎಂದು ಹುಡುಕಿದರೆ ಇವು ಯಾವುವೂ ಬರುವುದಿಲ್ಲ. ಕ್ವೆರಿಯ ಪದ ು ಚಿಹ್ನೆಯಿಂದ ಮುಗಿದರೆ ಆ ಚಿಹ್ನೆ ತೆಗೆದು ಕಾಡ* ಎಂದು ಹುಡುಕಿ. ‘ಕಾಡಿನ’ ಎಂಬುದು ಸಂಕೇತಗಳ ಮಟ್ಟದಲ್ಲಿ ಕ, ಾ, ಡ ಎಂದೇ ಶುರುವಾಗುವುದರಿಂದ ಹೊಂದುತ್ತದೆ. ನೀರು ನೀರಿನ, ಊರು ಊರಿಗೆ, ಬೀದಿಗಳು ಬೀದಿಗಳಲ್ಲಿ ಎಲ್ಲದಕ್ಕೂ ಇದೇ ಉಪಾಯ.

ಹೀಗೆ ಬಾಲ ಕತ್ತರಿಸಿದರೆ ಕಸವೂ ಬರುತ್ತದೆ ಎಂಬುದು ನಿಜ. ಕಾಡ* ಎಂದರೆ ಕಣ್ಣಿಗೆ ಹಚ್ಚುವ ಕಾಡಿಗೆಯೂ ಬರುತ್ತದೆ, ‘ಕಾಡುವ ನೆನಪು’ ಕೂಡ ಬರುತ್ತದೆ. ಕೆರೆ* ಎಂದರೆ ‘ತಲೆ ಕೆರೆದುಕೊಂಡ’ ಬರುತ್ತದೆ. ಇಲ್ಲಿಯೇ ಪ್ರಾಕ್ಸಿಮಿಟಿಯ ನಿಜವಾದ ಉಪಯೋಗ ಕಾಣುವುದು. ನಿಯರ್(ಕಾಡ* ಪ್ರಾಣಿ*, 3) ಎಂದ ಕೂಡಲೇ ಕಣ್ಕಾಡಿಗೆ, ನೆನಪು ಎಲ್ಲ ಉದುರಿಹೋಗುತ್ತವೆ, ಏಕೆಂದರೆ ಅವುಗಳ ಮೂರು ಪದದೊಳಗೆ ಪ್ರಾಣಿ ಇರುವುದು ಅಪರೂಪ. ಪ್ರಿಫಿಕ್ಸ್ ಬಲೆಯನ್ನು ಅಗಲ ಮಾಡುತ್ತದೆ, ದೂರದ ಷರತ್ತು ಅದರಲ್ಲಿ ಬಿದ್ದ ಬೇಡದ್ದನ್ನು ಸೋಸುತ್ತದೆ.

‘ಕಾಡು ಪ್ರಾಣಿ’ ಎಂದು ಹುಡುಕಿದರೆ ‘ಕಾಡುಪ್ರಾಣಿ’ ಸಿಗುವುದಿಲ್ಲವಲ್ಲ?

ಸಿಗುವುದಿಲ್ಲ. ಸಮಾಸಪದವನ್ನು ಬಿಡಿಸಿ ಬರೆಯುವವರೂ ಇದ್ದಾರೆ, ಕೂಡಿಸಿ ಬರೆಯುವವರೂ ಇದ್ದಾರೆ. ಕ್ವೆರಿ ಕಟ್ಟುವಾಗಲೇ ಅಕ್ಕಪಕ್ಕದ ಎರಡೆರಡು ಪದಗಳನ್ನು ಕೂಡಿಸಿದ ರೂಪವನ್ನೂ ಪರ್ಯಾಯವಾಗಿ ಸೇರಿಸಿ. ಸಂಧಿಯಲ್ಲಿ ಅಕ್ಷರ ಬದಲಾಗುವ ‘ಮಳೆಗಾಲ’ದಂಥವು ಇದಕ್ಕೂ ಸಿಗುವುದಿಲ್ಲ, ಅವಕ್ಕೆ ಪರ್ಯಾಯಪದಗಳ ಪಟ್ಟಿಯೇ ಬೇಕು.

ಅಂಕಿ ಸೇರಿದ ಪದಗಳನ್ನು ಮರೆಯಬೇಡಿ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ ವಿಧಿಯನ್ನು ನಮ್ಮ ಪತ್ರಿಕೆಗಳಲ್ಲಿ, ಆದೇಶಗಳಲ್ಲಿ ‘371ಜೆ’, ‘371 ಜೆ’, ‘371(ಜೆ)’, ‘೩೭೧ ಜೆ’ ಎಂದು ನಾಲ್ಕು ಬಗೆಯಲ್ಲಿ ಬರೆಯಬಹುದು. ‘371 ಜೆ’ ಎಂಬ ಫ್ರೇಸ್‌ಗೆ ಎರಡನೆಯದೂ ಮೂರನೆಯದೂ ಸಿಗುತ್ತವೆ, ಕಂಸ ಲೆಕ್ಕಕ್ಕೆ ಬರುವುದಿಲ್ಲ. ಮೊದಲನೆಯದು ಒಂದೇ ಟೋಕನ್ ಆಗಿಬಿಡುತ್ತದೆ, ಕೊನೆಯದರಲ್ಲಿ ಅಂಕಿಯೇ ಬೇರೆ. ಇಂಡೆಕ್ಸ್ ಮಾಡುವ ಮೊದಲು ಕನ್ನಡ ಅಂಕಿಗಳನ್ನು 0–9ಕ್ಕೆ ಬದಲಿಸಿ, ಅಂಕಿಗೂ ಅಕ್ಷರಕ್ಕೂ ನಡುವೆ ಒಂದು ಸ್ಪೇಸ್ ಇಡಿ. ಕ್ವೆರಿಗೂ ಅದನ್ನೇ ಮಾಡಿದರೆ ನಾಲ್ಕೂ ಒಂದಾಗುತ್ತವೆ.

ದೂರ ಎಷ್ಟಿರಬೇಕು?

ನನ್ನ ಶಿಫಾರಸು: ಕನ್ನಡಕ್ಕೆ 2ರಿಂದ 4. ಇಂಗ್ಲಿಷ್‌ನಲ್ಲಿ ಬಿಡಿ ಪದಗಳಾಗಿ ನಿಲ್ಲುವ ‘ಆಫ್’, ‘ಇನ್’, ‘ದಿ’ಗಳ ಕೆಲಸವನ್ನು ನಮ್ಮಲ್ಲಿ ಪ್ರತ್ಯಯಗಳು ಮಾಡುವುದರಿಂದ ಅದೇ ಮಾತಿಗೆ ನಮಗೆ ಕಡಿಮೆ ಪದ ಸಾಕು. ಇಂಗ್ಲಿಷ್ ಕೈಪಿಡಿಯಲ್ಲಿ 5 ಅಥವಾ 10 ಎಂದಿದ್ದರೆ ಹಾಗೇ ನಕಲು ಮಾಡಬೇಡಿ. ನಾಲ್ಕನೇ ಸಾಲನ್ನೇ ನೋಡಿ: ಕೆರೆಗೂ ಒತ್ತುವರಿಗೂ ನಡುವೆ ಮೂರೇ ಪದ, ಆದರೂ ಅವು ಬೇರೆ ಬೇರೆ ಸುದ್ದಿ. ಶೀರ್ಷಿಕೆಗಳಿಗೆ 2, ವಾಕ್ಯಗಳಿರುವ ಪಠ್ಯಕ್ಕೆ 4 ಎಂದು ಶುರು ಮಾಡಿ.

ಸ್ಟಾಪ್ ವರ್ಡ್‌ಗಳು ಫ್ರೇಸನ್ನು ಕೆಡಿಸುತ್ತವೆಯೇ?

ಸ್ಟಾಪ್ ವರ್ಡ್ ಎಂದರೆ ತೀರಾ ಸಾಮಾನ್ಯವೆಂದು ಇಂಡೆಕ್ಸ್ ಮಾಡದೆ ಬಿಡುವ ಪದ. ಇಂಗ್ಲಿಷ್ ಪಠ್ಯದಲ್ಲಿ ಅವು ಖಂಡಿತ ಕೆಡಿಸುತ್ತವೆ. ಪೋಸ್ಟ್‌ಗ್ರೆಸ್‌ನ ಇಂಗ್ಲಿಷ್ ಕಾನ್ಫಿಗರೇಶನ್‌ನಲ್ಲಿ ‘ಐಟಿ ಆ್ಯಕ್ಟ್’ ಎಂದು ಫ್ರೇಸ್ ಕೊಡಿ. ‘ಇಟ್’ ಎಂಬ ಸರ್ವನಾಮವೂ ಐಟಿಯೂ ಒಂದೇ ಅಕ್ಷರಗಳು, ಅದು ಸ್ಟಾಪ್ ವರ್ಡ್. ಉಳಿಯುವುದು ‘ಆ್ಯಕ್ಟ್’ ಮಾತ್ರ. ಮಾಹಿತಿ ತಂತ್ರಜ್ಞಾನ ಕಾಯ್ದೆ ಹುಡುಕಿದವರಿಗೆ ದೇಶದ ಎಲ್ಲ ಕಾಯ್ದೆಗಳೂ ಬರುತ್ತವೆ. ಮೈಎಸ್‌ಕ್ಯೂಎಲ್ ಇನ್ನೋಡಿಬಿಯ 36 ಪದಗಳ ಪಟ್ಟಿಯಲ್ಲೂ ಇದು ಇದೆ. ಅಲ್ಲಿ 3 ಅಕ್ಷರಕ್ಕಿಂತ ಚಿಕ್ಕ ಪದಗಳೂ ಮಾಮೂಲಿಯಾಗಿ ಇಂಡೆಕ್ಸ್ ಆಗುವುದಿಲ್ಲ.

ನಡುವೆ ಬರುವ ಸ್ಟಾಪ್ ವರ್ಡ್‌ಗೆ ಪೋಸ್ಟ್‌ಗ್ರೆಸ್ ಜಾಗ ಬಿಡುತ್ತದೆ. ‘ಸೆಕ್ಷನ್ ಆಫ್ ದಿ ಆ್ಯಕ್ಟ್’ ಎಂಬುದು ಸೆಕ್ಷನ್ <3> ಆ್ಯಕ್ಟ್ ಆಗುತ್ತದೆ, ಅಂದರೆ ನಡುವಿನ ಎರಡು ಜಾಗದಲ್ಲಿ ಯಾವ ಪದವಿದ್ದರೂ ಹೊಂದುತ್ತದೆ. ಕಾನೂನು ಪಠ್ಯಕ್ಕೆ ಸ್ಟಾಪ್ ವರ್ಡ್ ಬಿಡದ ‘ಸಿಂಪಲ್’ ಬಳಸಿ. ಕನ್ನಡಕ್ಕೆ ಸ್ಟಾಪ್ ವರ್ಡ್ ಪಟ್ಟಿ ಮಾಡಲು ಹೊರಡಬೇಡಿ, ಇಂಡೆಕ್ಸ್ ಸ್ವಲ್ಪ ದೊಡ್ಡದಾದರೂ ಪೊಸಿಷನ್‌ಗಳು ನೆಟ್ಟಗಿರುವುದು ಮುಖ್ಯ.

ಪೋಸ್ಟ್‌ಗ್ರೆಸ್‌ನಲ್ಲಿ ಎರಡು ಪದದ ಹುಡುಕಾಟ ಚುರುಕಾಗಿದೆ, ಅದೇ ಪದಗಳ ಫ್ರೇಸ್ ನಿಧಾನ. ಇಂಡೆಕ್ಸ್ ಇದೆಯಲ್ಲ?

ಪೋಸ್ಟ್‌ಗ್ರೆಸ್‌ನಲ್ಲಿ ಪಠ್ಯ ಹುಡುಕಾಟಕ್ಕೆ ಬಳಸುವ ಜಿನ್ ಇಂಡೆಕ್ಸ್‌ನಲ್ಲಿ ಯಾವ ಪದ ಟೇಬಲ್‌ನ ಯಾವ ಸಾಲಿನಲ್ಲಿದೆ ಎಂಬುದಷ್ಟೇ ಇರುತ್ತದೆ, ಪೊಸಿಷನ್ ಇರುವುದಿಲ್ಲ. ಆದ್ದರಿಂದ ಎರಡೂ ಪದ ಇರುವ ಎಲ್ಲ ಸಾಲುಗಳನ್ನೂ ಟೇಬಲ್‌ನಿಂದ ತಂದು, ಪ್ರತಿಯೊಂದರ ಟಿಎಸ್‌ವೆಕ್ಟರ್ ತೆರೆದು ದೂರ ನೋಡಬೇಕು. ‘ಎಕ್ಸ್‌ಪ್ಲೇನ್ ಅನಲೈಜ್’ ಕೊಟ್ಟರೆ ‘ರೋಸ್ ರಿಮೂವ್ಡ್ ಬೈ ಇಂಡೆಕ್ಸ್ ರೀಚೆಕ್’ ಎಂಬ ಸಾಲಿನಲ್ಲಿ ಎಷ್ಟು ಸಾಲು ವ್ಯರ್ಥವಾಗಿ ತಂದದ್ದು ಎಂಬ ಲೆಕ್ಕ ಸಿಗುತ್ತದೆ.

ಇಂಡೆಕ್ಸನ್ನು ನೇರ ‘ಟು_ಟಿಎಸ್‌ವೆಕ್ಟರ್’ ಎಕ್ಸ್‌ಪ್ರೆಶನ್ ಮೇಲೆ ಕಟ್ಟಿದ್ದರೆ ಇನ್ನೂ ಕಷ್ಟ: ಮರುಪರೀಕ್ಷೆಗಾಗಿ ಪ್ರತಿ ಸಾಲಿನ ಪಠ್ಯವನ್ನೂ ಮತ್ತೆ ಟೋಕನ್ ಮಾಡಬೇಕು. ಆವೃತ್ತಿ 12ರಿಂದ ಬಂದ ಜನರೇಟೆಡ್ ಕಾಲಂನಲ್ಲಿ ಟಿಎಸ್‌ವೆಕ್ಟರ್ ಅನ್ನು ಸಂಗ್ರಹಿಸಿಡಿ, ಇಂಡೆಕ್ಸ್ ಅದರ ಮೇಲಿರಲಿ. ದೊಡ್ಡ ಸಂಗ್ರಹದಲ್ಲಿ ಇದೊಂದೇ ಬದಲಾವಣೆ ಎದ್ದು ಕಾಣುತ್ತದೆ. ಅದೂ ಸಾಲದಿದ್ದರೆ ಪೊಸಿಷನ್‌ಗಳನ್ನು ಇಂಡೆಕ್ಸ್‌ನಲ್ಲೇ ಇಡುವ ‘ರಮ್’ ಎಂಬ ಎಕ್ಸ್‌ಟೆನ್ಶನ್ ಇದೆ. ಅದರ ಇಂಡೆಕ್ಸ್ ಕಟ್ಟಲು, ತಿದ್ದಲು ಜಿನ್‌ಗಿಂತ ಹೆಚ್ಚು ಸಮಯ ಹಿಡಿಯುತ್ತದೆ.

ಇಡೀ ಕಾದಂಬರಿ ಟೇಬಲ್‌ನ ಒಂದೇ ಸಾಲಿನಲ್ಲಿದೆ. ಮೊದಲ ಅಧ್ಯಾಯಗಳ ಫ್ರೇಸ್ ಸಿಗುತ್ತದೆ, ಕೊನೆಯವು ಸಿಗುವುದಿಲ್ಲ.

ಪೋಸ್ಟ್‌ಗ್ರೆಸ್‌ನಲ್ಲಿ ಪೊಸಿಷನ್ 16383ಕ್ಕೆ ನಿಲ್ಲುತ್ತದೆ. ಆಮೇಲಿನ ಎಲ್ಲ ಪದಗಳಿಗೂ ಅದೇ ಸಂಖ್ಯೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಎಲ್ಲಕ್ಕೂ ಒಂದೇ ಸಂಖ್ಯೆಯಾದರೆ ವ್ಯತ್ಯಾಸ 1 ಬರುವುದೆಲ್ಲಿಂದ? ಒಂದು ಪದಕ್ಕೆ ಹೆಚ್ಚೆಂದರೆ 256 ಪೊಸಿಷನ್ ಎಂಬ ಮಿತಿ ಬೇರೆ ಇದೆ. ಕಥಾನಾಯಕನ ಹೆಸರು ಅದನ್ನು ಸುಲಭವಾಗಿ ದಾಟುತ್ತದೆ. ಪುಟಕ್ಕೊಂದು ಅಥವಾ ಪ್ಯಾರಾಕ್ಕೊಂದು ಸಾಲು ಮಾಡಿ. ಓದುಗರಿಗೂ ‘ಈ ಪುಸ್ತಕದಲ್ಲಿದೆ’ ಎನ್ನುವ ಬದಲು ‘ಈ ಪುಟದಲ್ಲಿದೆ’ ಎಂದು ತೋರಿಸಬಹುದು.

ಶೀರ್ಷಿಕೆಯ ಕೊನೆಯ ಪದ ಮತ್ತು ಸುದ್ದಿಯ ಮೊದಲ ಪದ ಸೇರಿ ಫ್ರೇಸ್ ಆಗುತ್ತಿದೆ.

ಎರಡು ಟಿಎಸ್‌ವೆಕ್ಟರ್‌ಗಳನ್ನು || ಬಳಸಿ ಜೋಡಿಸಿದರೆ ಎರಡನೆಯದರ ಎಣಿಕೆ ಮೊದಲನೆಯದು ಮುಗಿದಲ್ಲಿಂದ ಮುಂದುವರಿಯುತ್ತದೆ. ಬೇರೆ ಬೇರೆ ಕಾಲಂ ಇಟ್ಟು ಬೇರೆಯಾಗಿ ಹುಡುಕಿ. ಎಫ್‌ಟಿಎಸ್5ರಲ್ಲಿ ಫ್ರೇಸ್ ಕಾಲಂ ದಾಟುವುದಿಲ್ಲ. ಇಲಾಸ್ಟಿಕ್‌ಸರ್ಚ್ ಒಂದೇ ಫೀಲ್ಡ್‌ನ ಹಲವು ಮೌಲ್ಯಗಳ ನಡುವೆ 100ರ ಅಂತರ ಬಿಡುತ್ತದೆ.

ಪೂರ್ಣವಿರಾಮ ದಾಟಿದರೆ ಹೊಂದಬಾರದು ಎಂದು ಹೇಳಬಹುದೇ?

ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್, ಮೈಎಸ್‌ಕ್ಯೂಎಲ್‌ಗಳಲ್ಲಿ ಆಗದು, ವಿರಾಮಚಿಹ್ನೆಗಳನ್ನು ಅವು ಎಣಿಸುವುದೇ ಇಲ್ಲ. ಒರಾಕಲ್ ಟೆಕ್ಸ್ಟ್‌ನಲ್ಲಿ ‘ವಿದಿನ್ ಸೆಂಟೆನ್ಸ್’, ‘ವಿದಿನ್ ಪ್ಯಾರಾಗ್ರಾಫ್’ ಇವೆ. ಪ್ಯಾರಾ ಒಂದಕ್ಕೆ ಒಂದು ಸಾಲು ಮಾಡಿಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಹತ್ತಿರವಿರುವ ಪದಗಳ ದಾಖಲೆ ತಾನಾಗಿಯೇ ಮೇಲೆ ಬರುವುದಿಲ್ಲವೇ?

ಎಲ್ಲ ಕಡೆ ಇಲ್ಲ. ಫಲಿತಾಂಶಗಳಿಗೆ ಅಂಕ ಕೊಡುವ ಎಫ್‌ಟಿಎಸ್5ರ ‘ಬಿಎಂ25’ ಸೂತ್ರವು ಪದ ಎಷ್ಟು ಸಲ ಬಂತು, ಎಷ್ಟು ಅಪರೂಪದ್ದು, ದಾಖಲೆ ಎಷ್ಟು ಉದ್ದ ಎಂಬುದನ್ನು ನೋಡುತ್ತದೆ, ದೂರವನ್ನು ನೋಡುವುದಿಲ್ಲ. ಪೋಸ್ಟ್‌ಗ್ರೆಸ್‌ನ ‘ಟಿಎಸ್_ರ‍್ಯಾಂಕ್_ಸಿಡಿ’ ನೋಡುತ್ತದೆ. ಕ್ಲಾರ್ಕ್, ಕಾರ್ಮ್ಯಾಕ್, ಟ್ಯೂಡೋಪ್ 1999ರಲ್ಲಿ ವಿವರಿಸಿದ ಕವರ್ ಡೆನ್ಸಿಟಿ ವಿಧಾನ ಅದರ ಆಧಾರ. ನಾನು ಸೂಚಿಸುವ ಕ್ರಮ ಇದು: ಎರಡೂ ಪದ ಇರುವುದನ್ನೆಲ್ಲ ತನ್ನಿ, ನಿಖರ ಫ್ರೇಸ್ ಹೊಂದಿದ್ದು ಮೊದಲು, ಹತ್ತಿರ ಇರುವುದು ನಂತರ, ಉಳಿದದ್ದು ಕೊನೆಗೆ.

ಕೇಳಿದ್ದಷ್ಟನ್ನೇ ಕೊಡುವ ಫ್ರೇಸ್ ಸರ್ಚ್ ಸಾಲದೇ? ಇಷ್ಟೆಲ್ಲ ಯಾಕೆ?

ಈ ಪ್ರಶ್ನೆಗೆ ಹಳೆಯ, ಗಟ್ಟಿ ಉತ್ತರವಿದೆ. ಐಬಿಎಂನ ಸ್ಟೇರ್ಸ್ ಎಂಬ ವ್ಯವಸ್ಥೆಯಲ್ಲಿ ಪಕ್ಕದ ಪದ, ಅದೇ ವಾಕ್ಯ, ಅದೇ ಪ್ಯಾರಾ ಎಂದು ಕೇಳುವ ಸೌಲಭ್ಯಗಳು ಆಗಲೇ ಇದ್ದವು. ಬ್ಲೇರ್ ಮತ್ತು ಮೇರನ್ ಎಂಬ ಸಂಶೋಧಕರು ಒಂದು ದೊಡ್ಡ ಮೊಕದ್ದಮೆಯ ಸುಮಾರು 40,000 ದಾಖಲೆಗಳ, 3,50,000 ಪುಟಗಳ ಮೇಲೆ ಅದನ್ನು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ಬೇಕಾದ ದಾಖಲೆಗಳಲ್ಲಿ ಶೇ 75ರಷ್ಟು ಸಿಕ್ಕಿವೆ ಎಂದು ವಕೀಲರು ನಂಬಿದ್ದರು. ನಿಜಕ್ಕೂ ಸಿಕ್ಕಿದ್ದು ಸುಮಾರು ಶೇ 20. ಒಂದೇ ವಿಷಯವನ್ನು ಜನ ಹತ್ತು ರೀತಿ ಬರೆದಿದ್ದರು, ಹುಡುಕುವವರಿಗೆ ಹೊಳೆದದ್ದು ಒಂದೆರಡು. ಕೆರೆ ಒತ್ತುವರಿಯ ದಾಖಲೆ ಹುಡುಕುವ ಹಳ್ಳಿಯವರೊಬ್ಬರಿಗೆ ‘ಫಲಿತಾಂಶ ಇಲ್ಲ’ ಎಂದು ಪರದೆ ತೋರಿಸಿದರೆ, ಅವರು ದಾಖಲೆಯೇ ಇಲ್ಲ ಎಂದುಕೊಂಡು ಹೋಗುತ್ತಾರೆ. ಅಷ್ಟು ದೊಡ್ಡ ಮಾತನ್ನು ನಮ್ಮ ಕ್ವೆರಿ ಸುಮ್ಮನೆ ಹೇಳಬಾರದು.

ಪೊಸಿಷನ್ ಇಡದೆ ಜಾಗ ಉಳಿಸಬಹುದೇ?

ಎಫ್‌ಟಿಎಸ್5ರಲ್ಲಿ ‘ಡೀಟೇಲ್’ ಎಂಬ ಆಯ್ಕೆ ಇದೆ. ಅದರ ಅಧಿಕೃತ ಕೈಪಿಡಿ ಕೊಡುವ ಲೆಕ್ಕ: 1636 ಎಂಬಿ ಇಮೇಲ್‌ಗಳಿಗೆ ಪೂರ್ಣ ಇಂಡೆಕ್ಸ್ 743 ಎಂಬಿ, ಕಾಲಂ ಮಟ್ಟದ್ದು 340, ಏನೂ ಇಲ್ಲದ್ದು 134. ಉಳಿತಾಯ ದೊಡ್ಡದೇ, ಆದರೆ ಪೂರ್ಣ ಇಲ್ಲದಿದ್ದರೆ ಫ್ರೇಸೂ ಇಲ್ಲ, ‘ನಿಯರ್’ ಕೂಡ ಇಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ‘ಸ್ಟ್ರಿಪ್’ ಮಾಡಿದ ಟಿಎಸ್‌ವೆಕ್ಟರ್‌ಗೂ ಇದೇ ಗತಿ.

ಬಳಕೆದಾರರು ಟೈಪ್ ಮಾಡಿದ್ದನ್ನು ನೇರವಾಗಿ ಕ್ವೆರಿಗೆ ಕೊಡಬಹುದೇ?

ಪೋಸ್ಟ್‌ಗ್ರೆಸ್ 11ರಿಂದ ‘ವೆಬ್‌ಸರ್ಚ್_ಟು_ಟಿಎಸ್‌ಕ್ವೆರಿ’ ಇದೆ. ಏನು ಕೊಟ್ಟರೂ ದೋಷ ತೋರಿಸುವುದಿಲ್ಲ, ಉದ್ಧರಣ ಚಿಹ್ನೆಯೊಳಗಿದ್ದದ್ದನ್ನು ಫ್ರೇಸ್ ಮಾಡುತ್ತದೆ. ಪ್ರಾಕ್ಸಿಮಿಟಿಯನ್ನಾಗಲೀ ಪ್ರಿಫಿಕ್ಸನ್ನಾಗಲೀ ಅದು ಕಟ್ಟಿಕೊಡುವುದಿಲ್ಲ, ಅದನ್ನು ನೀವೇ ಕಟ್ಟಬೇಕು. ಎಫ್‌ಟಿಎಸ್5ಗೆ ನೇರ ಕೊಟ್ಟರೆ ಒಂದು ಬಿಡಿ ಉದ್ಧರಣ ಚಿಹ್ನೆಗೂ ಸಿಂಟ್ಯಾಕ್ಸ್ ಎರರ್ ಬರುತ್ತದೆ. ಪ್ರತಿ ಪದವನ್ನೂ ಜೋಡಿ ಉದ್ಧರಣದಲ್ಲಿಟ್ಟು, ಒಳಗೆ ಅದೇ ಚಿಹ್ನೆಯಿದ್ದರೆ ಎರಡು ಸಲ ಬರೆದು ಕೊಡಿ. ಮೊಬೈಲ್ ಕೀಬೋರ್ಡ್‌ಗಳು ಹಾಕುವ “ ” ಎಂಬ ಬಾಗಿದ ಚಿಹ್ನೆಗಳನ್ನು ಡೇಟಾಬೇಸ್ ಉದ್ಧರಣವೆಂದು ತಿಳಿಯದು. ಮೊದಲು ಅವನ್ನು ನೇರ ಚಿಹ್ನೆಗೆ ಬದಲಿಸಿ. ಬಹುಪಾಲು ಓದುಗರು ಉದ್ಧರಣ ಚಿಹ್ನೆ ಹಾಕುವುದೇ ಇಲ್ಲವಾದ್ದರಿಂದ, ಎರಡು ಪದ ಬಂದ ಕೂಡಲೇ ನೀವಾಗಿಯೇ ಪ್ರಾಕ್ಸಿಮಿಟಿ ಕ್ವೆರಿ ಕಟ್ಟಿ ಕಳುಹಿಸಿ.